ಕೊನೆಗಾಲದ ಚಿಕಿತ್ಸೆ ನಿಮ್ಮ ಇಚ್ಛೆಯಂತೆ ನಡೆಯಬೇಕಾದರೆ: ಲಿವಿಂಗ್ ವಿಲ್ ಬರೆಯುವ ಬಗೆ

"ಇಂಜೆಕ್ಷನ್ ಕೊಟ್ಟು ನನ್ನನ್ನು ಮುಗಿಸಿಬಿಡಿ" ಎಂದು ವೈದ್ಯರನ್ನು ಕೇಳುವ ಹಕ್ಕು ನಮ್ಮ ದೇಶದಲ್ಲಿ ಯಾರಿಗೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಕಾನೂನಿನ ಚೌಕಟ್ಟಿನೊಳಗೆ ಅದಕ್ಕೆ ಅವಕಾಶವಿದೆ. ಇಲ್ಲಿ ಅದು ಗಂಭೀರ ಅಪರಾಧ. ನಮಗಿರುವ ಹಕ್ಕು ಬೇರೆ: ಗುಣವಾಗುವ ಆಸೆಯೇ ಉಳಿಯದಿದ್ದಾಗ, ಸಾವನ್ನು ಬರೀ ಮುಂದಕ್ಕೆ ತಳ್ಳುವ ಚಿಕಿತ್ಸೆ ಬೇಡ ಎನ್ನುವ ಹಕ್ಕು. ಮಾತು ನಿಂತುಹೋಗುವ ಕಾಲಕ್ಕೆಂದು ಅದನ್ನು ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್.

ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ಈ ಹಕ್ಕನ್ನು ಸಂವಿಧಾನದ 21ನೇ ವಿಧಿಯಡಿ, ಅಂದರೆ ಜೀವಿಸುವ ಹಕ್ಕಿನಡಿ, ಒಪ್ಪಿತು. ಆದರೆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿದ್ದರಿಂದ ಅದು ಜನರ ಕೈಗೆಟುಕಲಿಲ್ಲ. 2023ರ ಜನವರಿ 24ರ ಆದೇಶ ಆ ತೊಡಕನ್ನು ತೆಗೆಯಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ರಾಜ್ಯದ ಆಸ್ಪತ್ರೆಗಳಿಗೆ ಅನ್ವಯಿಸಿತು. ಘನತೆಯಿಂದ ಸಾಯುವ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದನ್ನು ಇಲ್ಲಿ ನೆನೆಯಲೇಬೇಕು.

ಬರೆಯುವ ಮೊದಲು

ವೆಂಟಿಲೇಟರ್ ತೆಗೆಯುವುದಕ್ಕೂ ಕೊಲ್ಲುವುದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ವಿಷದ ಇಂಜೆಕ್ಷನ್ನಿನಲ್ಲಿ ಸಾವು ವೈದ್ಯರ ಕೈಯಿಂದ ಬರುತ್ತದೆ. ಯಂತ್ರ ತೆಗೆದಾಗ ಸಾವು ಬರುವುದು ಕಾಯಿಲೆಯಿಂದ. ಕೊನೆಗೆ ಆಗುವುದು ಒಂದೇ ಅಲ್ಲವೇ ಎಂದು ವಾದಿಸುವವರಿದ್ದಾರೆ, ಆ ವಾದ ತಳ್ಳಿಹಾಕುವಂಥದ್ದಲ್ಲ. ಆದರೂ ಬೇಡವೆಂದವರ ದೇಹಕ್ಕೆ ಚಿಕಿತ್ಸೆ ಹೇರಲು ಯಾರಿಗೂ ಅಧಿಕಾರವಿಲ್ಲ ಎಂಬ ನೆಲೆ ಗಟ್ಟಿಯಾದದ್ದು, ನಮ್ಮ ಕಾನೂನು ನಿಂತಿರುವುದೂ ಅದರ ಮೇಲೆಯೇ. ಆಹಾರ ಬಿಡುತ್ತಾ ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನದ ವಿಷಯ ಬೇರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಸಾರುವ ಆ ವ್ರತವನ್ನು 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅಪರಾಧವೆಂದಾಗ, ಅದೇ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದು ಧರ್ಮದ ಪ್ರಶ್ನೆ. ಅದನ್ನು ಈ ಪತ್ರದೊಳಗೆ ತರಬೇಡಿ.

ಇದಕ್ಕಿಂತ ಹೆಚ್ಚು ಕಾಡಬೇಕಾದ ಪ್ರಶ್ನೆ ಇನ್ನೊಂದಿದೆ. "ಮಕ್ಕಳಿಗೆ ಭಾರವಾಗಬಾರದು" ಎನ್ನುವ ಹಿರಿಯರ ಮಾತಿನಲ್ಲಿ ಅವರ ಇಚ್ಛೆ ಎಷ್ಟು, ಮನೆಯ ಮೌನದ ಒತ್ತಡ ಎಷ್ಟು? ಬರೆಯುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ಆಸ್ಪತ್ರೆಯ ಬಿಲ್ಲಿನ ಚಿಂತೆ ಇಲ್ಲದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆನೇ? ಇಲ್ಲ ಎಂದು ಉತ್ತರ ಬಂದರೆ ಪೆನ್ನು ಕೆಳಗಿಡಿ. ಕಾಯಿಲೆಯಿಲ್ಲದೆ ಬದುಕೇ ಬೇಡವೆನಿಸುತ್ತಿದ್ದರೆ ಅದಕ್ಕೆ ಈ ಪತ್ರ ಉತ್ತರವಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಪರವಾಗಿ ಮಾತಾಡುವವರು

ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಯಾವ ಕಾಯಿಲೆ ಬರುತ್ತದೆ, ಹೇಗೆ ಬರುತ್ತದೆ ಎಂದು ಮೊದಲೇ ಊಹಿಸಲಾಗದು. ಆದ್ದರಿಂದ ಚಿಕಿತ್ಸೆಗಳ ಪಟ್ಟಿಗಿಂತ ಸರಿಯಾದ ವ್ಯಕ್ತಿಯ ಆಯ್ಕೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಬ್ಬರನ್ನಾದರೂ ಹೆಸರಿಸಿ, ಒಂದಕ್ಕಿಂತ ಹೆಚ್ಚು ಹೆಸರಿಗೆ ಅವಕಾಶವಿದೆ. ಮೊದಲು ಯಾರು, ಅವರು ಸಿಗದಿದ್ದರೆ ಯಾರು ಎಂಬ ಸರದಿಯನ್ನೂ ಬರೆಯಿರಿ. ಹಿರಿಯ ಮಗ ಎಂಬ ಕಾರಣಕ್ಕೆ ಅಮೆರಿಕದಲ್ಲಿರುವವರನ್ನು ಮೊದಲು ಹಾಕಿದರೆ ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಸಹಿ ಹಾಕಲು ಯಾರೂ ಇರುವುದಿಲ್ಲ. ತುಂಬ ಪ್ರೀತಿಸುವವರು ಕೆಲವೊಮ್ಮೆ "ಬೇಡ, ನಿಲ್ಲಿಸಿ" ಎನ್ನಲಾರರು. ನಿಮ್ಮ ಮಾತನ್ನು ನೆಂಟರೆಲ್ಲರ ಎದುರು ಎತ್ತಿಹಿಡಿಯಬಲ್ಲವರು ಬೇಕು.

ಅವರನ್ನು ಕೂರಿಸಿಕೊಂಡು ಬಿಡಿಸಿ ಮಾತಾಡಿ. ಯಾರನ್ನೂ ಗುರುತಿಸಲಾಗದ ಸ್ಥಿತಿಯಲ್ಲಿ ವರ್ಷಗಟ್ಟಲೆ ಇರುವುದು ನಿಮಗೆ ಒಪ್ಪಿಗೆಯೇ? ಮಾತಿಲ್ಲದಿದ್ದರೂ ಮೊಮ್ಮಕ್ಕಳನ್ನು ನೋಡಿ ನಗಲು ಸಾಧ್ಯವಾದರೆ ಸಾಕೇ? ಮನೆಯಲ್ಲೇ ಸಾಯಬೇಕೇ, ಆಸ್ಪತ್ರೆಯಾದರೂ ಸರಿಯೇ? ಉಳಿದ ಮಕ್ಕಳೂ ಈ ಮಾತು ಕೇಳಿಸಿಕೊಳ್ಳಲಿ. "ಅಪ್ಪನನ್ನು ನಾನೇ ಕೊಂದೆನೇನೋ" ಎಂಬ ಕೊರಗು ಮಕ್ಕಳನ್ನು ಬಹಳ ಕಾಲ ತಿನ್ನುತ್ತದೆ. ನಿರ್ಧಾರ ಅಪ್ಪನದೇ ಎಂದು ಗೊತ್ತಿದ್ದರೆ ಆ ಹೊರೆ ಅವರ ಮೇಲೆ ಬೀಳುವುದಿಲ್ಲ.

ಪತ್ರದಲ್ಲಿ ಏನೇನಿರಬೇಕು

ಬರೆಯುವವರಿಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಯಾರ ಒತ್ತಾಯವೂ ಇಲ್ಲದೆ, ಪರಿಣಾಮ ತಿಳಿದೇ ಬರೆಯುತ್ತಿದ್ದೇನೆ ಎಂಬ ಮಾತು, ಯಾವಾಗ ಬೇಕಾದರೂ ಹಿಂಪಡೆಯಬಲ್ಲೆ ಎಂಬ ಮಾತು ಎರಡೂ ಇರಬೇಕು. ಪರವಾಗಿ ನಿರ್ಧರಿಸುವವರ ಪೂರ್ಣ ಹೆಸರು, ವಿಳಾಸ, ಫೋನ್ ನಂಬರ್ ಹಾಕಿ. ಕನ್ನಡದಲ್ಲಿ ಬರೆಯಬಹುದು. ಆದರೆ ಐಸಿಯುನಲ್ಲಿರುವ ವೈದ್ಯರಿಗೆ ಕನ್ನಡ ಓದಲು ಬಾರದಿರಬಹುದು, ಪಕ್ಕದಲ್ಲೇ ಇಂಗ್ಲಿಷ್ ಅನುವಾದವಿದ್ದರೆ ಒಳ್ಳೆಯದು.

"ನನಗೆ ಯಾವ ಟ್ರೀಟ್‌ಮೆಂಟೂ ಬೇಡ" ಎಂದು ಬರೆಯುವುದು ದೊಡ್ಡ ತಪ್ಪು. ಅಸ್ಪಷ್ಟ ಪತ್ರವನ್ನು ವೈದ್ಯಕೀಯ ಮಂಡಳಿ, ಅಂದರೆ ಅದನ್ನು ಪರಿಶೀಲಿಸುವ ವೈದ್ಯರ ತಂಡ, ಪಕ್ಕಕ್ಕಿಡಬಹುದು. ಇಲ್ಲವೇ ಐದು ದಿನದಲ್ಲಿ ವಾಸಿಯಾಗುವ ನ್ಯುಮೋನಿಯಾಕ್ಕೂ ಅದನ್ನು ಅನ್ವಯಿಸುವ ಗೊಂದಲ ಹುಟ್ಟುತ್ತದೆ. ಮೊದಲು ಸ್ಥಿತಿ, ಆಮೇಲೆ ಚಿಕಿತ್ಸೆ, ಈ ಕ್ರಮದಲ್ಲಿ ಬರೆಯಿರಿ. ಹೀಗೆ:

"ಗುಣವಾಗುವ ಸಾಧ್ಯತೆ ಇಲ್ಲದ ಸ್ಥಿತಿಗೆ ನಾನು ತಲುಪಿದ್ದೇನೆಂದು, ಸ್ವಂತ ನಿರ್ಧಾರ ತಿಳಿಸುವ ಶಕ್ತಿ ನನಗೆ ಮರಳುವುದಿಲ್ಲವೆಂದು ವೈದ್ಯಕೀಯ ಮಂಡಳಿಗಳು ಅಭಿಪ್ರಾಯಪಟ್ಟರೆ, ನನಗೆ ವೆಂಟಿಲೇಟರ್, ಸಿಪಿಆರ್ (ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಯತ್ನ), ಡಯಾಲಿಸಿಸ್ ಬೇಡ, ಆಗಲೇ ಶುರು ಮಾಡಿದ್ದರೆ ನಿಲ್ಲಿಸಬೇಕು. ನೋವು, ಉಸಿರಾಟದ ಸಂಕಟ ಕಡಿಮೆ ಮಾಡುವ ಎಲ್ಲ ಔಷಧಗಳನ್ನು, ಮಾರ್ಫಿನ್ ಸೇರಿ, ಕೊಡಬೇಕು."

ಮೂಗಿನ ನಳಿಕೆಯ ಆಹಾರದ ಬಗ್ಗೆ ಬೇರೆಯೇ ಸಾಲು ಬೇಕು. ಅಮ್ಮನನ್ನು ಹಸಿವಿನಲ್ಲಿ ಕಳಿಸುವುದೇ ಎಂದು ಮನೆಯವರು ಒಡೆಯುವುದು ಇದೇ ವಿಷಯಕ್ಕೆ, ಹಾಗಾಗಿ ಬೇಕೋ ಬೇಡವೋ ನೀವೇ ಹೇಳಿಬಿಡಿ. ಆಂಟಿಬಯಾಟಿಕ್, ಗಂಟಲಿಗೆ ರಂಧ್ರ ಮಾಡಿ ಹಾಕುವ ಟ್ರೇಕಿಯಾಸ್ಟಮಿಯ ಬಗ್ಗೆಯೂ ನಿಮ್ಮ ಕುಟುಂಬ ವೈದ್ಯರೊಡನೆ ಮಾತಾಡಿ ನಿರ್ಧರಿಸಿ. ಖಚಿತವಿಲ್ಲದಿದ್ದರೆ "ಕೆಲವು ದಿನ ಪ್ರಯತ್ನಿಸಿ, ಸುಧಾರಣೆ ಕಾಣದಿದ್ದರೆ ನಿಲ್ಲಿಸಿ" ಎಂದೂ ಬರೆಯಬಹುದು. ಎಷ್ಟೋ ಜನಕ್ಕೆ ಇದೇ ಹೊಂದುತ್ತದೆ.

ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಆಸ್ತಿಯಲ್ಲಿ ಪಾಲಿರುವವರನ್ನು ಸಾಕ್ಷಿ ಮಾಡಬೇಡಿ, ನೆರೆಯವರೋ ಸಹೋದ್ಯೋಗಿಗಳೋ ಇರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಬೇಕಿಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರಡಿ ಬರೆಯುವ ಮುಂಗಡ ನಿರ್ದೇಶನ ಮನೋರೋಗದ ಚಿಕಿತ್ಸೆಗೆ ಸಂಬಂಧಿಸಿದ್ದು; ಅದರ ನಮೂನೆಯನ್ನು ಇದಕ್ಕೆ ಬಳಸಬೇಡಿ.

ಹೆಸರಿಸಿದವರಿಗೆ ಒಂದೊಂದು ಪ್ರತಿ, ಕುಟುಂಬ ವೈದ್ಯರಿಗೆ ಒಂದು ಪ್ರತಿ ಕೊಡಿ. ನಗರಸಭೆ, ಪಾಲಿಕೆ ಅಥವಾ ಪಂಚಾಯ್ತಿಯ ಸಂಬಂಧಪಟ್ಟ ಅಧಿಕಾರಿಗೂ ಒಂದು ಪ್ರತಿ ಸೇರಬೇಕು. ಅಲ್ಲಿಂದ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಸಿಬ್ಬಂದಿಗೆ ವಿಷಯ ಹೊಸದಾಗಿದ್ದರೆ 2023ರ ಆದೇಶದ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಮೂಲಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿಟ್ಟರೆ ಬೇಕಾದ ಹೊತ್ತಿಗೆ ಕೈಗೆ ಸಿಗದು. ಫೋಟೊ ತೆಗೆದು ಮನೆಯವರ ಮೊಬೈಲಿನಲ್ಲಿಡಿ.

ಆ ಹೊತ್ತು ಬಂದಾಗ ಆಸ್ಪತ್ರೆಯಲ್ಲಿ

ಪತ್ರ ತೋರಿಸಿದ ತಕ್ಷಣ ಯಂತ್ರ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಪರಿಶೀಲಿಸುತ್ತದೆ. ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಇಬ್ಬರು ಬೇರೆ ತಜ್ಞರ ದ್ವಿತೀಯ ಮಂಡಳಿ ನೋಡುತ್ತದೆ. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಎರಡೂ ಮಂಡಳಿಗಳು ಒಪ್ಪಿ, ನೀವು ಹೆಸರಿಸಿದವರೂ ಸಮ್ಮತಿಸಿದ ಮೇಲೆ, ಜಾರಿಗೆ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ವಿಷಯ ತಿಳಿಸುತ್ತದೆ. ಅನುಮತಿ ಕೇಳುವುದಲ್ಲ, ಬರೀ ತಿಳಿಸುವುದು. ಮಂಡಳಿ ಒಪ್ಪದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

ಪತ್ರವೇ ಇಲ್ಲದಿದ್ದರೆ? ಹತ್ತಿರದ ಬಂಧುಗಳ ಸಮ್ಮತಿಯ ಮೇಲೆ ಇದೇ ಎರಡು ಮಂಡಳಿಗಳ ದಾರಿ ಇದೆ. ಇದು ಗೊತ್ತಿಲ್ಲದೆ ಮನೆಯವರು "ವೈದ್ಯರ ಸಲಹೆಗೆ ವಿರುದ್ಧವಾಗಿ" ಎಂದು ಸಹಿ ಮಾಡಿ ರೋಗಿಯನ್ನು ಮನೆಗೆ ಒಯ್ಯುವುದಿದೆ. ನೋವಿಗೆ ಔಷಧವಿಲ್ಲ, ಉಸಿರು ಕಟ್ಟಿದರೆ ಕೇಳುವವರಿಲ್ಲ. ಘನತೆಯ ಸಾವೆಂದು ಹೊರಟದ್ದು ನರಳಾಟದಲ್ಲಿ ಮುಗಿಯುತ್ತದೆ. ಚಿಕಿತ್ಸೆ ನಿಲ್ಲಿಸುವ ಮಾತು ಬಂದ ದಿನವೇ ನೋವು, ಸಂಕಟ ಇಳಿಸುವ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಂಡವನ್ನು ಕರೆಸಿ ಎಂದು ಕೇಳಿ. ಕ್ಯಾನ್ಸರ್ ರೋಗಿಗಳಿಗಾದರೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಈ ಸೇವೆ ಕೊಡುತ್ತದೆ. ಸರಿಯಾದ ಪ್ರಮಾಣದ ಮಾರ್ಫಿನ್ ಸಾವನ್ನು ತರುವುದಿಲ್ಲ, ನೋವನ್ನಷ್ಟೇ ಇಳಿಸುತ್ತದೆ. ಆ ಭಯದಿಂದ ಔಷಧ ತಡೆಯಬೇಡಿ.

ಮನಸ್ಸು ಬದಲಾದರೆ ಹಿಂಪಡೆಯುವುದನ್ನೂ ಬರವಣಿಗೆಯಲ್ಲೇ, ಅದೇ ಕ್ರಮದಲ್ಲಿ ಮಾಡಿ. ಎರಡು ಪತ್ರಗಳಿದ್ದರೆ ಕೊನೆಯದಾಗಿ ಸಹಿಯಾದದ್ದೇ ನಡೆಯುತ್ತದೆ. ಹೆಸರಿಸಿದವರು ತೀರಿಕೊಂಡರೆ, ಊರು ಬಿಟ್ಟರೆ, ಅಥವಾ ನಿಮಗೇ ಹೊಸ ಕಾಯಿಲೆ ಪತ್ತೆಯಾದರೆ ಪತ್ರವನ್ನು ಮತ್ತೆ ಬರೆಯಿರಿ, ಹಳೆಯ ಪ್ರತಿಗಳನ್ನು ಎಲ್ಲರಿಂದ ವಾಪಸ್ ಪಡೆದು ಹರಿದುಹಾಕಿ.