ಸ್ವಂತ ಹಾಡು ಮಾತ್ರ: ದಾವಣಗೆರೆಯ ಗೋಡೌನಿನಲ್ಲಿ ಬ್ಯಾಂಡ್ ಸಂಜೆ

ದಾವಣಗೆರೆಯಲ್ಲಿ ಹಾಡುವವರಿಗೇನೂ ಕೊರತೆ ಇಲ್ಲ. ಮದುವೆಗೆ ಆರ್ಕೆಸ್ಟ್ರಾ ಇದೆ, ಗಣಪತಿ ಪೆಂಡಾಲಿಗೆ ಆರ್ಕೆಸ್ಟ್ರಾ ಇದೆ, ಕಾಲೇಜ್ ಡೇ ಬಂದರೆ ಹುಡುಗರ ಬ್ಯಾಂಡ್ ಇದೆ. ಆದರೆ ಇವರಲ್ಲಿ ಯಾರಾದರೂ ತಾವೇ ಕಟ್ಟಿದ ಹಾಡು ಎತ್ತಿಕೊಂಡರೆ ಎರಡನೇ ಚರಣ ಮುಟ್ಟುವಷ್ಟರಲ್ಲಿ ಮುಂದಿನ ಸಾಲಿನಿಂದ ಚೀಟಿ ಬರುತ್ತದೆ, ಸಿನಿಮಾ ಹಾಡು ಹಾಡಿ ಅಂತ. ಹಾಡು ಕಟ್ಟುವ ಎಷ್ಟೋ ಜನ ತಮ್ಮ ಹಾಡನ್ನು ಫೋನಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಅವರಿಗೊಂದು ಜಾಗ ಮಾಡಬೇಕು ಅಂತ ನಾವು ಮೂವರು ಗೆಳೆಯರು ಸೇರಿ ಶುರು ಮಾಡಿದ್ದು ಈ ಸಂಜೆ. ನಿಯಮ ಒಂದೇ. ಸ್ವಂತ ಹಾಡು ಮಾತ್ರ.

ಈ ನಿಯಮ ಇಟ್ಟ ಮೇಲೆ ಉಳಿದದ್ದು ಎಷ್ಟೋ ತಾನಾಗೇ ತೀರ್ಮಾನವಾಯಿತು. ಟಿಕೆಟ್ ಇಟ್ಟು ಸಿನಿಮಾ ಹಾಡು ಹಾಡಿಸಿದರೆ ಲೈಸೆನ್ಸ್ ತಗೋಬೇಕು, ಹಾಡು ಬರೆದವರ ಪರವಾಗಿ ಐಪಿಆರ್‌ಎಸ್ ಅನ್ನುವ ಸಂಸ್ಥೆ ಅದನ್ನು ಕೊಡುತ್ತದೆ. ನಮ್ಮಲ್ಲಿ ಹಾಡು ಬರೆದವರೇ ಎದುರಿಗೆ ನಿಂತಿರುತ್ತಾರೆ. (ಅವರು ಐಪಿಆರ್‌ಎಸ್ ಸದಸ್ಯರಾಗಿದ್ದರೆ ಲೆಕ್ಕ ಬೇರೆ, ಅದನ್ನು ಮೊದಲೇ ಕೇಳಿಕೊಳ್ಳುತ್ತೇವೆ.) ಸಿನಿಮಾ ಹಾಡಿಗೆ ಬರುವ ಜನ ಬರುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ದೊಡ್ಡ ಹಾಲ್ ಹುಡುಕಲೇ ಇಲ್ಲ. ಎಂಬತ್ತು ಜನ ಕೂತರೆ ಸಾಕು. ಬಂದವರಿಗೆ ಹಾಡು ಹೊಸದು, ಮಾತು ಕಿವಿಗೆ ಬೀಳದಿದ್ದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಾಗಾಗಿ ದುಡ್ಡು, ಶ್ರಮ ಎಲ್ಲ ಹೋಗಿದ್ದು ಒಂದೇ ಕಡೆ: ಹಾಡಿನ ಮಾತು ಕೊನೇ ಸಾಲಿಗೂ ಕೇಳಿಸಬೇಕು.

ಯಾವಾಗ ಮಾಡುವುದು? ಇದನ್ನು ಜಾಸ್ತಿ ಜನ ಕೇಳುತ್ತಾರೆ. ನನ್ನ ಉತ್ತರ ಆಷಾಢ. ಮದುವೆ ಇರುವುದಿಲ್ಲ, ಹಾಗಾಗಿ ಮೈಕ್‌ಸೆಟ್ ಸುಮ್ನೆ ಕೂತಿರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು, ಡ್ರಮ್ ಬಾರಿಸುವವರು ಬಿಡುವಾಗಿ ಸಿಗುತ್ತಾರೆ. ಅದಕ್ಕಿಂತ ಮುಖ್ಯ, ನಾವು ಸಂಜೆ ನಡೆಸುವ ಮೆಕ್ಕೆಜೋಳದ ಗೋಡೌನ್ ಖಾಲಿ ಸಿಗುತ್ತದೆ. ಮುಂಗಾರಿನ ಮೆಕ್ಕೆಜೋಳ ಆಗಷ್ಟೇ ಬಿತ್ತನೆಯಾಗಿರುತ್ತದೆ. ಕೊಯ್ಲಾಗಿ ಚೀಲ ಬರಲು ಇನ್ನೂ ನಾಲ್ಕು ತಿಂಗಳು ಬೇಕು. ಅಲ್ಲಿವರೆಗೆ ಮಾಲೀಕರಿಗೂ ನಾಲ್ಕು ಕಾಸು ಬಂದರೆ ಬೇಡವೇನಲ್ಲ. ಗಣಪತಿ ಹಬ್ಬ ಹತ್ತಿರ ಬಂತೋ, ಈ ಯಾವುದೂ ಕೈಗೆ ಸಿಗುವುದಿಲ್ಲ.

ಖಾಲಿ ಗೋಡೌನಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಎಷ್ಟೋ ಹೊತ್ತು ಉಳಿಯುತ್ತದೆ. ಅಲ್ಲಿ ಹಾಡಿದರೆ ಒಂದು ಪದದ ಮೇಲೆ ಇನ್ನೊಂದು ಪದ ಬಿದ್ದು ಕಲಸಿಹೋಗುತ್ತದೆ. ನಾವು ಶಾಮಿಯಾನದವರಿಂದ ಜಮಖಾನ, ಹತ್ತಿಯ ಗಾದಿ ತರುತ್ತೇವೆ. ಜಮಖಾನ ನೆಲಕ್ಕೆ. ಗಾದಿಗಳನ್ನು ಸ್ಪೀಕರಿಗೆ ಎದುರಿನ ಗೋಡೆಗೆ, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ನಿಲ್ಲಿಸುತ್ತೇವೆ. ಗೋಡೌನಿನಲ್ಲೇ ಇರುವ ಖಾಲಿ ಗೋಣಿಚೀಲದ ಕಟ್ಟುಗಳನ್ನು ನಾಲ್ಕೂ ಮೂಲೆಯಲ್ಲಿ ಆಳೆತ್ತರ ಒಟ್ಟುತ್ತೇವೆ. ತೆಳ್ಳಗಿನ ಬಟ್ಟೆ ಕಟ್ಟಿದರೆ ಚುರುಕು ಸದ್ದು ಮಾತ್ರ ತಗ್ಗುತ್ತದೆ, ಬೇಸ್ ಹಾಗೇ ಗುಂಯ್‌ಗುಡುತ್ತದೆ. ಬೇಸ್ ಹಿಡಿಯಲು ದಪ್ಪ ಬೇಕು, ಮೂಲೆ ಬೇಕು. ಮತ್ತೆ ಚಪ್ಪಾಳೆ ತಟ್ಟಿ. ಗೊತ್ತಾಗುತ್ತದೆ.

ತಗಡಿನ ಶೀಟಿನ ಮೇಲೆ ಜೋರು ಮಳೆ ಬಂದರೆ ಮಾತ್ರ ಏನೂ ಮಾಡಲಾಗದು. ಹಾಡು ನಿಲ್ಲಿಸಿ ಬಿಡುವು ಕೊಡುತ್ತೇವೆ, ಜನ ಗೇಟಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ. ದಾವಣಗೆರೆಗೆ ಅಂಥ ಮಳೆ ಅಪರೂಪ ಬಿಡಿ.

ಕರೆಂಟಿನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದು ಜೀವದ ಮಾತು. ಹಳೇ ಗೋಡೌನುಗಳಲ್ಲಿ ಬೋರ್ಡ್ ಇರುತ್ತದೆ, ಅದರಲ್ಲಿ ಮೂರನೇ ತೂತೂ ಇರುತ್ತದೆ, ಆದರೆ ಅದಕ್ಕೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಗಿಟಾರ್ ಆಂಪ್ಲಿಫೈಯರಿನಲ್ಲಿ ಗುಯ್ ಅಂತ ಸದ್ದು ಬರುತ್ತದೆ ಅಂತ ಕೆಲವರು ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿದು ಹಾಕಿರುತ್ತಾರೆ. ಅಂಥ ಆಂಪ್ಲಿಫೈಯರಿನಲ್ಲಿ ಲೀಕೇಜ್ ಇದ್ದರೆ, ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ಮಳೆಗಾಲದ ಒದ್ದೆ ನೆಲದಲ್ಲಿ ಅದು ಆಟವಲ್ಲ. ನಾವು ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಹೊಸದಾಗಿ ಅರ್ಥಿಂಗ್ ಮಾಡಿಸಿದೆವು. ಮಿಕ್ಸರ್, ಆಂಪ್ಲಿಫೈಯರ್, ಕೀಬೋರ್ಡ್ ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಡುತ್ತೇವೆ. ಬೇರೆ ಬೇರೆ ಕಡೆಯಿಂದ ಕೊಟ್ಟರೆ ಅರ್ಥಿಂಗ್ ಸುತ್ತು ಬಿದ್ದು ಆ ಗುಯ್ ಸದ್ದು ವಾಪಸ್ ಬರುತ್ತದೆ. ಪಿನ್ ಮುರಿದ ವೈರ್ ಕಂಡರೆ ಬದಲಾಯಿಸುವವರೆಗೆ ಆ ಬ್ಯಾಂಡನ್ನು ಹಾಡಲು ಬಿಡುವುದಿಲ್ಲ. ಈ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ.

ಮೈಕ್‌ಸೆಟ್ ಅಣ್ಣ ನಮ್ಮ ದೊಡ್ಡ ಆಸ್ತಿ. ಅವರ ಹತ್ತಿರ ಅಹುಜಾ ಆಂಪ್ಲಿಫೈಯರು, ಹಾರ್ನು, ಮದುವೆಗೆ ಬಳಸುವ ಎರಡು ದೊಡ್ಡ ಬಾಕ್ಸು ಇದ್ದವು. ಹಾರ್ನ್ ಬೇಡ, ಬಾಕ್ಸ್ ಸಾಕು ಅಂದಾಗ ಅವರಿಗೆ ಬೇಜಾರಾಯಿತು. "ಊರಿಗೇ ಕೇಳ್ಬಕಲ್ರೀ?" ಅಂದರು. ಈ ಗೋಡೌನಿಗೆ ಕೇಳಿದರೆ ಸಾಕು ಅಂದೆವು. ಹಾಡುವವರು ಮೈಕ್ ಹಿಡಿದರೆ ಸಾಕು, ಅಣ್ಣನ ಕೈ ಎಕೋ ಗುಂಡಿಗೆ ಹೋಗುತ್ತಿತ್ತು. ಈಗ ಅವರೇ ಕೊನೇ ಸಾಲಿಗೆ ಹೋಗಿ ನಿಂತು, "ಮಾತು ತಿಳೀವಲ್ದು, ಗಿಟಾರ್ ಇಳಿಸ್ರಿ" ಅಂತ ಅಲ್ಲಿಂದಲೇ ಕೈ ಮಾಡುತ್ತಾರೆ. ನಮ್ಮ ಕ್ರಮ ಇಷ್ಟು: ಮೊದಲು ಬರೀ ಹಾಡುವವರ ಮೈಕ್ ಸರಿಮಾಡುವುದು, ಆಮೇಲೆ ಉಳಿದ ವಾದ್ಯಗಳನ್ನು ಅದರ ಕೆಳಗೆ ಒಂದೊಂದಾಗಿ ತರುವುದು. ಬಾಕ್ಸುಗಳು ಮೈಕಿಗಿಂತ ಮುಂದೆ, ಕೂತವರ ತಲೆಗಿಂತ ಮೇಲೆ. ಇಷ್ಟಾದರೆ ಕುಯ್ಯೋ ಅನ್ನುವುದು ಬಹುಪಾಲು ನಿಲ್ಲುತ್ತದೆ. ಒಂದು ಪೆಟ್ಟಿಗೆಯಲ್ಲಿ ಮೈಕಿಗೆ ಕ್ಯಾನನ್ ಪಿನ್ನಿನ ವೈರು, ಗಿಟಾರಿಗೆ ಪಿ-38 ಜಾಕು, ಬೇಸ್ ಗಿಟಾರನ್ನು ನೇರ ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸು ನಮ್ಮದೇ ಇರುತ್ತವೆ, ಯಾಕೆಂದರೆ ಮದುವೆ ಮೈಕ್‌ಸೆಟ್ಟಿನಲ್ಲಿ ಡಿಐ ಸಿಗುವುದಿಲ್ಲ.

ಕಂಪನಿ ನಾಟಕಗಳಿಗೆ ಕಾಲುಪೆಟ್ಟಿಗೆ (ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ) ನುಡಿಸುತ್ತಿದ್ದ ಹಿರಿಯರೊಬ್ಬರು ನಮ್ಮಲ್ಲಿ ಒಂದು ಬ್ಯಾಂಡಿಗೆ ಸೇರಿಕೊಂಡಿದ್ದಾರೆ. ಉಳಿದವರೆಲ್ಲ ಇಂಜಿನಿಯರಿಂಗ್ ಓದುವವರು. ಮೊದಲ ತಾಲೀಮಿನಲ್ಲಿ ಬೇಸ್ ನುಡಿಸುವ ಹುಡುಗ ಫೋನಿನಲ್ಲಿ ಟ್ಯೂನರ್ ನೋಡಿ, "ಮಾಸ್ತ್ರೇ, ನಿಮ್ಮ ಪೆಟ್ಟಿಗೆ ಸ್ವಲ್ಪ ಮೇಲಿದೆ" ಅಂದ. ಮಾಸ್ತರರು ಕಾಲು ನಿಲ್ಲಿಸದೆ, "ಪೆಟ್ಟಿಗಿ ತಿರುವಾಕ್ ಬರಲ್ಲಪ್ಪ, ನೀನೇ ಇಲ್ಲಿಗೆ ಬಾ" ಅಂದರು. ಅವರ ಮಾತು ಸರಿ. ಹಾರ್ಮೋನಿಯಂ ಸ್ವರಪಟ್ಟಿಯನ್ನು ನಿಂತಲ್ಲೇ ಬದಲಾಯಿಸಲು ಆಗುವುದಿಲ್ಲ, ತಂತಿ ವಾದ್ಯವೇ ಅದರ ಹತ್ತಿರ ಹೋಗಬೇಕು. ಟ್ಯೂನರಿನಲ್ಲಿ 440 ಹರ್ಟ್ಸ್ ಇರುವುದನ್ನು ಪೆಟ್ಟಿಗೆಗೆ ಹೊಂದುವವರೆಗೆ ಮೇಲೆ ಸರಿಸಿ, ಗಿಟಾರು, ಬೇಸು ಎರಡನ್ನೂ ಅದಕ್ಕೆ ಕೂಡಿಸಿದರು. ಕೀಬೋರ್ಡಿನಲ್ಲೂ ಆ ಸೆಟ್ಟಿಂಗ್ ಇದೆ. ಮಾಸ್ತರರ ಶ್ರುತಿ ಕಪ್ಪು ಒಂದು, ಅಂದರೆ ಸಿ ಶಾರ್ಪ್. ಗಿಟಾರಿನವನು ಮೊದಲನೇ ಮನೆಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ತನಗೆ ಗೊತ್ತಿರುವ ಸಿ ಮೇಜರಿನ ಕೈಯನ್ನೇ ಇಟ್ಟ. ಆ ಹಳೇ ಪೆಟ್ಟಿಗೆಯ ಗಂಟಲಿನ ಕೆಳಗೆ ಬೇಸ್ ಗಿಟಾರ್ ಕೂತಾಗ ಆದ ನಾದವನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ಒಂದು ನಾದಕ್ಕಾಗಿಯೇ ಈ ಎಲ್ಲ ಓಡಾಟ ಮಾಡಬಹುದು ಅನ್ನಿಸಿತು.

ತಮಟೆ ಇರುವ ಬ್ಯಾಂಡಿಗೆ ಬೇರೆ ತಯಾರಿ ಬೇಕು. ಥಂಡಿ ಹವೆಗೆ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೇ ಸದ್ದು ಏಳುವುದು. ಗೋಣಿಚೀಲ ತುಂಬಿದ ಗೋಡೌನಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಗೇಟಿನ ಹೊರಗೆ ಕಬ್ಬಿಣದ ಬಾಂಡ್ಲಿಯಲ್ಲಿ ರಟ್ಟು, ಹುಲ್ಲು ಹಾಕಿ ಉರಿ ಮಾಡುತ್ತೇವೆ, ಪಕ್ಕದಲ್ಲಿ ಎರಡು ಬಕೆಟ್ ನೀರು, ಒಬ್ಬ ಕಾವಲು. ಹಿಂದಿನ ಬ್ಯಾಂಡಿನ ಕೊನೇ ಹಾಡು ಶುರುವಾದಾಗ ಕಾಯಿಸಲು ಹಿಡಿದರೆ ಸರಿಯಾದ ಹೊತ್ತಿಗೆ ಒಳಗೆ ಬರುತ್ತಾರೆ. ತಮಟೆಗೆ ಮೈಕ್ ಕೊಡುವುದಿಲ್ಲ. ಹಾಡುವವರ ಹಿಂದೆ ನಿಲ್ಲಿಸುತ್ತೇವೆ, ಅಷ್ಟೇ ಧಾರಾಳ.

ಪರ್ಮಿಷನ್ ವಿಷಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಮುಚ್ಚಿದ ಹಾಲಿಗೆ ವಿನಾಯಿತಿ ಇದ್ದರೂ ನಾವು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಠಾಣೆಗೆ ಅರ್ಜಿ ಕೊಟ್ಟು ಒಪ್ಪಿಗೆ ಪತ್ರ ಕೈಯಲ್ಲಿ ಇಟ್ಟುಕೊಂಡು, ಭಾನುವಾರ ಸಂಜೆ 6ಕ್ಕೆ ಶುರು ಮಾಡಿ 9ಕ್ಕೆ ಮುಗಿಸುತ್ತೇವೆ. ಹಿಂದಿನ ದಿನ ಅಕ್ಕಪಕ್ಕದ ಮನೆಗಳಿಗೆ ಹೋಗಿ ಹೇಳಿ ಬರುತ್ತೇವೆ, ಅವರಿಗೆ ಟಿಕೆಟ್ ಇಲ್ಲ. ಹಾಸ್ಟೆಲಿನಿಂದ ಬರುವ ಹುಡುಗಿಯರ ಬ್ಯಾಂಡಿಗೆ ಮೊದಲ ಸರದಿ. ಗೇಟ್ ಹಾಕುವ ಹೊತ್ತಿಗೆ ಅವರು ಒಳಗಿರಬೇಕಲ್ವಾ. ಹರಿಹರದಿಂದ ಬಂದವರಿಗೂ 9ಕ್ಕೆ ಮುಗಿದರೆ ಬಸ್ಸಿನ ಚಿಂತೆ ಇಲ್ಲ.

ಪಕ್ಕದ ಮನೆಯವರನ್ನು ಬಿಟ್ಟರೆ ಉಳಿದವರೆಲ್ಲ ದುಡ್ಡು ಕೊಟ್ಟೇ ಒಳಗೆ ಬರಬೇಕು, 100 ರೂಪಾಯಿ. ನಾವು ಮೂವರೂ ಕೊಡುತ್ತೇವೆ. ಈ ಊರಲ್ಲಿ ಯಾರು ಟಿಕೆಟ್ ತಗೊಂಡು ಬರುತ್ತಾರೆ ಅಂತ ಹೆದರಿಸಿದವರಿದ್ದರು. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಮ್ಮ ಊರಿನದು. ಟಿಕೆಟ್ ತಗೊಂಡು ಕಂಪನಿ ನಾಟಕ ನೋಡಿದ ಊರು ಇದು. ಚೆನ್ನಾಗಿ ಕೇಳಿಸಿದರೆ ಜನ ಕೊಡುತ್ತಾರೆ, ಕೊಟ್ಟರು. ಗೇಟಿನಲ್ಲಿ ಒಂದು ಕ್ಯೂಆರ್ ಕೋಡ್, ಒಂದು ಡಬ್ಬಿ. ಬಂದ ದುಡ್ಡಿನಲ್ಲಿ ಮೈಕ್‌ಸೆಟ್, ಗೋಡೌನ್, ಶಾಮಿಯಾನ ತೆಗೆದು ಉಳಿದದ್ದನ್ನು ಅಂದೇ ರಾತ್ರಿ ಎಲ್ಲರ ಎದುರಿಗೆ ಎಣಿಸಿ ತಲೆಗಿಷ್ಟು ಅಂತ ಹಂಚುತ್ತೇವೆ. ಬ್ಯಾಂಡಿಗಿಷ್ಟು ಅಂತ ಹಂಚಿದರೆ ಐದು ಜನರ ಬ್ಯಾಂಡಿಗೂ ಒಬ್ಬಂಟಿ ಹಾಡುವವರಿಗೂ ಒಂದೇ ಮೊತ್ತ ಬರುತ್ತದೆ, ಅದು ನನಗೆ ನ್ಯಾಯ ಅನ್ನಿಸಲಿಲ್ಲ.

ಪೂರ್ತಿ ಖರ್ಚು ನಮ್ಮದು ಅಂತ ಒಬ್ಬ ಮುಖಂಡರು ಮುಂದೆ ಬಂದಿದ್ದರು. ಫ್ಲೆಕ್ಸು, ಶಾಲು, ಹಾರ, ಎರಡು ಭಾಷಣ ಇರಬೇಕು ಅಂದರು. ಕೈ ಮುಗಿದು ಬೇಡ ಅಂದೆವು. ಭಾಷಣಕ್ಕೆ ಕೊಟ್ಟ ಅರ್ಧ ಗಂಟೆಯಲ್ಲಿ ಒಂದು ಬ್ಯಾಂಡ್ ಪೂರ್ತಿ ಹಾಡಬಹುದು.

ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯ ನಡುವೆ ಇರುವುದು ನಮಗೊಂದು ಲಾಭ. ಆ ಕಡೆ ಈ ಕಡೆ ಕಾರ್ಯಕ್ರಮಕ್ಕೆ ಹೋಗುವ ಬ್ಯಾಂಡುಗಳಿಗೆ ನಡುವೆ ಇಳಿಯಲು ಹೇಳುತ್ತೇವೆ. ನಮ್ಮವರ ಮನೆಯಲ್ಲಿ ಊಟ, ಮಲಗುವ ವ್ಯವಸ್ಥೆ, ಬೆಳಿಗ್ಗೆ ಬೆಣ್ಣೆ ದೋಸೆ. ಆದರೆ ಹೊರಗಿನವರು ಒಂದು ಸಂಜೆಗೆ ಒಂದೇ ಬ್ಯಾಂಡ್. ಉಳಿದದ್ದು ಊರಿನವರಿಗೆ.

ಚಿತ್ರದುರ್ಗದ ಗೆಳೆಯರು ತಮ್ಮಲ್ಲೂ ಮಾಡಬೇಕು ಅನ್ನುತ್ತಿದ್ದಾರೆ. ವೈರಿನ ಪೆಟ್ಟಿಗೆ, ಮಿಕ್ಸರ್ ನಾವು ಕೊಡುತ್ತೇವೆ, ಸಾಗಾಟ ಅವರದು. ಮೈಕ್‌ಸೆಟ್ ಅಲ್ಲಿಯದನ್ನೇ ಹಿಡಿಯಲಿ. ಜಾಗ ನೋಡಿ ಬರಲು ನಮ್ಮ ಮೈಕ್‌ಸೆಟ್ ಅಣ್ಣ ಮುಂದಿನ ವಾರ ಹೋಗುತ್ತಿದ್ದಾರೆ.