ಬಯಾಲಜಿ ಪದವಿ: ಸೇರುವ ಮೊದಲೇ ಕೇಳಿಕೊಳ್ಳಬೇಕಾದ್ದು

‘ಬಯಾಲಜಿ ತಗೊಂಡ್ರೆ ಡಾಕ್ಟರ್, ಇಲ್ಲಾಂದ್ರೆ ಟೀಚರ್, ಅಷ್ಟೇ.’ ಈ ಮಾತು ಕೇಳಿ ಕೇಳಿಯೇ ಎಷ್ಟೋ ಮಕ್ಕಳು ಇಷ್ಟದ ವಿಷಯವನ್ನು ಬಿಟ್ಟುಕೊಟ್ಟಿದ್ದಾರೆ. ಇನ್ನೆಷ್ಟೋ ಮಕ್ಕಳು ಮೆಡಿಕಲ್ ಸೀಟು ಸಿಗಲಿಲ್ಲವೆಂಬ ಬೇಸರದಲ್ಲೇ ಪದವಿಗೆ ಸೇರಿ, ಆ ಬೇಸರದಲ್ಲೇ ಓದು ಮುಗಿಸಿದ್ದಾರೆ. ಎರಡೂ ಆಗಬಾರದು.

ಒಂದು ಸತ್ಯವನ್ನು ಮೊದಲೇ ಒಪ್ಪಿಕೊಳ್ಳೋಣ. ನರ್ಸಿಂಗ್ ಓದಿದವರು ನರ್ಸ್ ಆಗುವಂತೆ, ಬಯಾಲಜಿ ಓದಿದವರಿಗೆ ಕಾದಿರುವ ಒಂದೇ ಹುದ್ದೆ ಅಂತ ಇಲ್ಲ. ಯಾವ ಕೆಲಸ ಎಂಬುದನ್ನು ಓದುವಾಗಲೇ ನೀವೇ ಹುಡುಕಿಕೊಂಡು, ಅದಕ್ಕೆ ಕೈ ಪಳಗಿಸಿಕೊಳ್ಳಬೇಕು.

ಹಾಗಾಗಿ ಮೊದಲ ಹೆಜ್ಜೆ: ನಿಮಗೆ ಇಷ್ಟವಾಗಿರುವುದು ವಿಷಯವೋ, ಅದರ ಕೆಲಸವೋ ಎಂದು ನೋಡಿಕೊಳ್ಳಿ. ಡಿಎನ್‌ಎ ಬಗ್ಗೆ ವಿಡಿಯೊ ನೋಡುವುದು ಬೇರೆ, 96 ಗುಳಿಗಳ ಪ್ಲೇಟಿಗೆ ಪಿಪೆಟ್ (ದ್ರವ ಅಳೆದು ಹಾಕುವ ನಳಿಕೆ) ಹಿಡಿದು ಒಂದೊಂದೇ ಹನಿ ಹಾಕುತ್ತಾ ಕೂರುವುದು ಬೇರೆ. ಕೆಲವರಿಗೆ ಲ್ಯಾಬ್ ಬೆಂಚು ಹಿಡಿಸುತ್ತದೆ, ಕೆಲವರಿಗೆ ಕಾಡು, ಕೆರೆ. ಕೆಲವರಿಗೆ ಕಂಪ್ಯೂಟರ್ ಪರದೆ, ಇನ್ನು ಕೆಲವರಿಗೆ ಬರವಣಿಗೆ. ಈ ನಾಲ್ಕರಲ್ಲಿ ಎಲ್ಲಿ ಇಡೀ ದಿನ ಕೂತರೂ ನಿಮಗೆ ಬೇಸರವಾಗುವುದಿಲ್ಲ?

ಎರಡನೆಯದಾಗಿ, ಆ ಜಾಗದಲ್ಲಿ ದಿನನಿತ್ಯ ನಡೆಯುವ ಕೆಲಸವನ್ನು ಹತ್ತಿರದಿಂದ ತಿಳಿದುಕೊಳ್ಳಿ. ಔಷಧ, ಆಹಾರ, ಕುಡಿಯುವ ನೀರಿನ ಗುಣಮಟ್ಟ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಮೈಕ್ರೊಬಯಾಲಜಿ ಓದಿದವರಿಗೆ ಹೆಚ್ಚಾಗಿ ಮೊದಲು ಸಿಗುವ ಕೆಲಸ ಇಂಥದ್ದೇ. ಒಂದು ಮಿಲಿಲೀಟರ್ ಸ್ಯಾಂಪಲ್ ಅನ್ನು ಒಂಬತ್ತು ಮಿಲಿಲೀಟರ್ ಶುದ್ಧ ದ್ರಾವಣಕ್ಕೆ ಹಾಕಿದರೆ ಅದು ಹತ್ತು ಪಟ್ಟು ತೆಳುವಾಗುತ್ತದೆ. ಹೀಗೆ ಮೂರು ಸಲ ಮಾಡಿದರೆ ಸಾವಿರ ಪಟ್ಟು. ಅದರಲ್ಲಿ 0.1 ಮಿಲಿಲೀಟರ್ ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟಿನ ಮೇಲೆ ಸವರಿ, ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಚುಕ್ಕೆ ಚುಕ್ಕೆಯಾಗಿ ಕಂಡಾಗ ಎಣಿಸುತ್ತಾರೆ. ಒಂದು ಚುಕ್ಕೆ ಒಂದು ಬ್ಯಾಕ್ಟೀರಿಯಾದಿಂದ ಬೆಳೆದದ್ದೆಂದು ಹಿಡಿಯುತ್ತಾರೆ. 150 ಚುಕ್ಕೆ ಸಿಕ್ಕವೆನ್ನಿ: 0.1 ಮಿಲಿಲೀಟರಿಗೆ 150 ಎಂದರೆ ಒಂದು ಮಿಲಿಲೀಟರಿಗೆ 1,500, ಅದರ ಸಾವಿರ ಪಟ್ಟು, ಅಂದರೆ ಮೂಲ ಸ್ಯಾಂಪಲ್‌ನ ಪ್ರತಿ ಮಿಲಿಲೀಟರಿನಲ್ಲಿ 15 ಲಕ್ಷ ಬ್ಯಾಕ್ಟೀರಿಯಾ ಇದ್ದವೆಂದು ಲೆಕ್ಕ. ಸಾಮಾನ್ಯವಾಗಿ 30ರಿಂದ 300ರೊಳಗಿನ ಎಣಿಕೆಯನ್ನಷ್ಟೇ ನಂಬುತ್ತಾರೆ. ಕಡಿಮೆ ಇದ್ದರೆ ಆಕಸ್ಮಿಕ ಏರುಪೇರೇ ದೊಡ್ಡದಾಗುತ್ತದೆ, ಹೆಚ್ಚಿದ್ದರೆ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಎಣಿಕೆಗೇ ಸಿಗುವುದಿಲ್ಲ. ಒಂದು ಹಂತದಲ್ಲಿ ಪಿಪೆಟ್ ತಪ್ಪಿದರೂ ಕೊನೆಯ ಅಂಕಿ ಎಲ್ಲೋ ಹೋಗಿ ನಿಲ್ಲುತ್ತದೆ. ಹಾಳಾದ ಬ್ಯಾಚ್ ಹೊರಗೆ ಹೋಗಬಹುದು, ಒಳ್ಳೆಯದು ಚರಂಡಿ ಸೇರಬಹುದು. ಈ ಲೆಕ್ಕವನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿ ತೋರಿಸಬಲ್ಲವರಿಗೆ ಸಂದರ್ಶನದ ಭಯ ಅರ್ಧ ಕಡಿಮೆ. ಅಂಕಪಟ್ಟಿ ಇಷ್ಟನ್ನು ಹೇಳಲಾರದು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಬಯಾಲಜಿಯ ಜೊತೆಗೆ ಇನ್ನೊಂದು ವಿದ್ಯೆ. ‘ಗಣಿತ ಬೇಡ ಅಂತ ಬಯಾಲಜಿಗೆ ಬಂದೆ’ ಅನ್ನುವವರಿಗೆ ಇದು ಕಷ್ಟದ ಮಾತು, ಆದರೂ ಹೇಳಲೇಬೇಕು. ಮನುಷ್ಯನ ಇಡೀ ಡಿಎನ್‌ಎಯನ್ನು ಓದುವ ಮಾನವ ಜೀನೋಮ್ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು. ಈಗ ಒಬ್ಬರ ಜೀನೋಮ್ ಓದಲು ಕೆಲವೇ ದಿನ ಸಾಕು. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದೇ ಈಗಿನ ಕಷ್ಟ. ಅದಕ್ಕೆ ಸಂಖ್ಯಾಶಾಸ್ತ್ರ ಬೇಕು, ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯಲು ಬರಬೇಕು. ಪ್ರೊಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಾಗಾದರೆ ಲ್ಯಾಬ್ ಕೆಲಸದ ಕಾಲ ಮುಗಿಯಿತೇ? ಇಲ್ಲ. ಆ ತಂತ್ರಾಂಶ ಕಲಿತದ್ದೇ 1971ರಲ್ಲಿ ಆರಂಭವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ. ಲ್ಯಾಬಿನಲ್ಲಿ ಬೆವರು ಸುರಿಸಿದವರು ಒಂದೊಂದಾಗಿ ಅದಕ್ಕೆ ಸೇರಿಸಿದ ಪ್ರೊಟೀನ್ ರಚನೆಗಳೇ ಅದರ ಪಾಠ. ಎರಡೂ ಬದಿಯ ಭಾಷೆ ಬಲ್ಲವರು ಎರಡೂ ಕಡೆ ಬೇಕಾದವರು.

ಕೋಡಿಂಗ್ ಒಗ್ಗದಿದ್ದರೆ ಬರವಣಿಗೆಯನ್ನು ಗಟ್ಟಿ ಮಾಡಿಕೊಳ್ಳಿ. ಔಷಧ ಪ್ರಯೋಗಗಳ ವರದಿ, ಅನುಮತಿಗೆ ಸಲ್ಲಿಸುವ ದಾಖಲೆ, ಪೇಟೆಂಟ್ ಅರ್ಜಿ, ಇವೆಲ್ಲಕ್ಕೂ ವಿಜ್ಞಾನ ಗೊತ್ತಿದ್ದು ಸ್ಪಷ್ಟವಾಗಿ ಬರೆಯುವವರು ಬೇಕು.

ನಾಲ್ಕನೆಯದು ಸಂಶೋಧನೆಯ ಆಸೆ ಇರುವವರಿಗೆ. ಪಿಎಚ್‌ಡಿಗೆ ನಾಲ್ಕರಿಂದ ಆರು ವರ್ಷ, ಆಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಎಂದು ಇನ್ನಷ್ಟು ವರ್ಷ ಹಿಡಿಯಬಹುದು. ಪಿಎಚ್‌ಡಿ ಮುಗಿಸಿದವರೆಲ್ಲರಿಗೂ ಪ್ರೊಫೆಸರ್ ಹುದ್ದೆ ಸಿಗುವುದಿಲ್ಲ. ಮನೆಯ ಪರಿಸ್ಥಿತಿ ಇಷ್ಟು ಕಾಲ ತಡೆದುಕೊಳ್ಳುತ್ತದೆಯೇ ಎಂದು ಮನೆಯವರ ಜೊತೆ ಕೂತು ಮಾತಾಡಿ. ಆದರೆ ಕುತೂಹಲದಿಂದ ಮಾಡಿದ ಕೆಲಸ ವ್ಯರ್ಥ ಎಂದು ಮಾತ್ರ ಯಾರೂ ಹೆದರಿಸದಿರಲಿ. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಏನು ಬದುಕುತ್ತದೆ ಎಂದು 1960ರ ದಶಕದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಹುಡುಕಿದರು. ಅಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವವೇ ಮುಂದೆ, ಡಿಎನ್‌ಎಯ ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು.

ಕಾಡು, ಪರಿಸರದ ಕೆಲಸ ಬಯಸುವವರಿಗೆ ಒಂದು ವಿಷಯ ತಿಳಿದಿರಲಿ: ಅಲ್ಲಿ ಪ್ರಾಜೆಕ್ಟ್ ಇರುವಷ್ಟು ದಿನದ ಗುತ್ತಿಗೆ ಕೆಲಸಗಳೇ ಹೆಚ್ಚು. ಡ್ರೋನ್, ಡಿಜಿಟಲ್ ನಕ್ಷೆ ಕಲಿತವರಿಗೆ ಒಂದು ಪ್ರಾಜೆಕ್ಟ್‌ನಿಂದ ಇನ್ನೊಂದಕ್ಕೆ ಹೋಗುವುದು ಸುಲಭ.

ಕೊನೆಗೆ, ಶುಲ್ಕ ಕಟ್ಟುವ ಮೊದಲು ಕಾಲೇಜಿನ ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ. ಪಿಸಿಆರ್ ಯಂತ್ರವನ್ನು ವಿದ್ಯಾರ್ಥಿಗಳೇ ನಡೆಸುತ್ತಾರೋ, ದೂರ ನಿಂತು ನೋಡುತ್ತಾರೋ ಕೇಳಿ. ವಾರಕ್ಕೆ ಎಷ್ಟು ತಾಸು ಪ್ರಾಕ್ಟಿಕಲ್, ಒಂದು ಮೈಕ್ರೊಸ್ಕೋಪಿಗೆ ಎಷ್ಟು ಜನ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು, ಅವರ ಲ್ಯಾಬ್ ರೆಕಾರ್ಡ್ ತೋರಿಸಲು ಕೇಳಿಕೊಳ್ಳಿ. ಅದರಲ್ಲಿರುವ ಅಂಕಿಗಳು ಅವರೇ ಅಳೆದವೋ, ಬೋರ್ಡಿನಿಂದ ಇಳಿಸಿಕೊಂಡವೋ ಎಂದು ಕೇಳಿದರೆ, ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ.