ಎರಡು ಅಡಿಯ ತೊಟ್ಟಿಗೆ ಯಾವ ಗಿಡ?

ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿರುವ ಮೀನಿನ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಕೊಂಡ ದಿನವೇ ಆರು ಪ್ಲಾಸ್ಟಿಕ್ ಗಿಡಗಳನ್ನೂ ತಂದಿದ್ದೆ. ಜೀವಂತ ಗಿಡವೆಂದರೆ ಮೀನಿನ ಜೊತೆಗೆ ಸಾಕಬೇಕಾದ ಇನ್ನೊಂದು ಜೀವ ಎಂಬ ಅಂಜಿಕೆಯೇ ಅದಕ್ಕೆ ಕಾರಣವಾಗಿತ್ತು.

ಮೊದಲ ಕೆಲವು ತಿಂಗಳು ದೂರುವಂಥದ್ದೇನೂ ಇರಲಿಲ್ಲ. ಎಲೆಗಳ ಮೇಲೆ ಕಂದು ಪಾಚಿ ಕಟ್ಟಿದಾಗಲೆಲ್ಲ ಅವುಗಳನ್ನು ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪು ಸೋಕಿಸದೆ ಉಜ್ಜುತ್ತಿದ್ದೆ. ತೊಂದರೆ ಶುರುವಾದದ್ದು ಉದ್ದ ಬಾಲದ ಫೈಟರ್ ಮೀನನ್ನು ತಂದ ಮೇಲೆ. ವಾರದೊಳಗೆ ಅದರ ಬಾಲ ಎರಡು ಕಡೆ ಸೀಳಿತ್ತು. ರೋಗವಿರಬಹುದೆಂದು ಮೊದಲು ಔಷಧಿಗೆ ಕೈಹಾಕಿದೆ. ಆಮೇಲೆ ಹಳೆಯ ಶಿಫಾನ್ ದುಪಟ್ಟಾದ ತುಂಡೊಂದನ್ನು ಪ್ಲಾಸ್ಟಿಕ್ ಎಲೆಗಳ ಮೇಲೆ ಎಳೆದು ನೋಡಿದಾಗ ಮೂರು ಗಿಡಗಳಲ್ಲಿ ಅದು ಸಿಕ್ಕಿಕೊಂಡಿತು. ಬಟ್ಟೆಗೆ ಸಿಕ್ಕುವ ಅಂಚು ಈಜುರೆಕ್ಕೆಯನ್ನು ಬಿಟ್ಟೀತೇ? ರೇಷ್ಮೆಯಂಥ ಬಟ್ಟೆಯ ಎಲೆಗಳಿರುವ ಕೃತಕ ಗಿಡಗಳು ಮೃದುವಾಗಿದ್ದವು ನಿಜ, ಆದರೆ ನೇಯ್ಗೆಯೊಳಗೆ ಪಾಚಿ ಸೇರಿದರೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಹೀಗೆ ಜೀವಂತ ಗಿಡಗಳತ್ತ ಹೊರಳಿದೆ. ಕಡಿಮೆ ಬೆಳಕಿನಲ್ಲೂ ಬದುಕುವ ಜಾವಾ ಫರ್ನ್, ಅನುಬಿಯಾಸ್ ಮತ್ತು ವ್ಯಾಲಿಸ್ನೇರಿಯಾ ಎಂಬ ಮೂರನ್ನೇ ಆರಿಸಿಕೊಂಡೆ. ಆದರೂ ತಪ್ಪುಗಳು ತಪ್ಪಲಿಲ್ಲ. ಜಾವಾ ಫರ್ನ್ ಮತ್ತು ಅನುಬಿಯಾಸ್‌ಗಳಲ್ಲಿ ಅಡ್ಡಲಾಗಿ ಹಬ್ಬುವ ದಪ್ಪ ಕಾಂಡವೊಂದಿರುತ್ತದೆ, ಅದರಿಂದಲೇ ಮೇಲೆ ಎಲೆ, ಕೆಳಗೆ ಬೇರು ಹೊರಡುತ್ತವೆ. ಕುಂಡದ ಗಿಡದ ರೂಢಿಯಲ್ಲಿ ನಾನು ಆ ಕಾಂಡವನ್ನೂ ಜಲ್ಲಿಯೊಳಗೆ ಹೂತುಬಿಟ್ಟೆ. ಕೆಲವೇ ವಾರಗಳಲ್ಲಿ ಅದು ಕೊಳೆತು ಎಲೆಗಳು ಒಂದೊಂದಾಗಿ ತೇಲತೊಡಗಿದವು. ಉಳಿದ ತುಂಡುಗಳನ್ನು ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿ ಇಟ್ಟೆ. ದಾರ ಸವೆಯುವಷ್ಟರಲ್ಲಿ ಬೇರುಗಳೇ ಕಲ್ಲನ್ನು ಹಿಡಿದುಕೊಂಡಿದ್ದವು.

ಎರಡನೆಯ ತಪ್ಪು ಬೆಳಕಿನದು. ಗಿಡಕ್ಕೆ ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ದಿನಕ್ಕೆ 12 ಗಂಟೆ ದೀಪ ಉರಿಸಿದ್ದರ ಫಲವನ್ನು ಉಂಡದ್ದು ಗಿಡಗಳಲ್ಲ, ಪಾಚಿ. ಟೈಮರ್ ಹಾಕಿ 7 ಗಂಟೆಗೆ ಇಳಿಸಿದ ಮೇಲೆ ಗಾಜು ತಿಳಿಯಾಯಿತು. ವ್ಯಾಲಿಸ್ನೇರಿಯಾದ ಎಲೆಗಳು ಮೊದಲ ಎರಡು ವಾರ ಕರಗಿಹೋದವು; ನೀರು ಬದಲಾದಾಗ ಅನೇಕ ಜಲಸಸ್ಯಗಳು ಹಾಗೆ ಮಾಡುತ್ತವೆ, ಬುಡ ಗಟ್ಟಿಯಿದ್ದರೆ ಕೀಳಬಾರದು. ನಮ್ಮ ಕೊಳವೆಬಾವಿಯ ಗಡಸು ನೀರು ಅದಕ್ಕೆ ಒಗ್ಗಿತು. ಬರಿಯ ಜಲ್ಲಿಯಲ್ಲಿ ಪೋಷಕಾಂಶವಿರುವುದಿಲ್ಲವಾದ್ದರಿಂದ ಬುಡಕ್ಕೆ ಗೊಬ್ಬರದ ಮಾತ್ರೆ ಇಟ್ಟೆ, ಆಮೇಲೆ ಅದು ಬಳ್ಳಿಗಾಲು ಚಾಚಿ ಹಿಂಬದಿಯ ಗಾಜನ್ನೆಲ್ಲ ಮುಚ್ಚಿತು. ಗಿಡಗಳೊಡನೆ ಬಂದ ಬಸವನಹುಳುಗಳನ್ನು ಮಾತ್ರ ಇಂದಿಗೂ ಹೆಕ್ಕುತ್ತಿದ್ದೇನೆ.

ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನೂ, ಬ್ಯಾಕ್ಟೀರಿಯಾಗಳು ಅದರಿಂದ ಮಾಡುವ ನೈಟ್ರೇಟನ್ನೂ ಗಿಡಗಳು ಹೀರಿಕೊಳ್ಳುತ್ತವೆ. ಹಾಗೆಂದು ನಾನು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದನ್ನು ನಿಲ್ಲಿಸಿಲ್ಲ. ಗಾಳಿಯ ಪಂಪನ್ನೂ ತೆಗೆದಿಲ್ಲ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ.

ನನ್ನ ತಂಗಿಯ ಮನೆಯ ಗೋಲ್ಡ್ ಫಿಶ್ ತೊಟ್ಟಿಯಲ್ಲಿ ಈ ಲೆಕ್ಕ ನಡೆಯಲಿಲ್ಲ. ನಾನು ಕೊಟ್ಟ ಹೈಡ್ರಿಲ್ಲಾವನ್ನು ಅವು ಎರಡೇ ದಿನಗಳಲ್ಲಿ ಮೇದು ಮುಗಿಸಿದವು. ಅಲ್ಲಿ ಉಳಿದದ್ದು ಗಟ್ಟಿ ಎಲೆಯ ಅನುಬಿಯಾಸ್ ಮತ್ತು ಬೇರು ಮಾತ್ರ ನೀರಿನೊಳಗಿಟ್ಟು ಬಳ್ಳಿಯನ್ನು ಕಿಟಕಿಗೆ ಹಬ್ಬಿಸಿದ ಮನಿ ಪ್ಲಾಂಟ್. ಆದ್ದರಿಂದ ಯಾರಾದರೂ ಕೇಳಿದರೆ ಗಿಡದ ಮಾತಿಗೆ ಮೊದಲು ಯಾವ ಮೀನು ಸಾಕುತ್ತೀರಿ ಎಂದು ವಿಚಾರಿಸುತ್ತೇನೆ.

ಶಿಫಾನ್ ಪರೀಕ್ಷೆಯಲ್ಲಿ ಗೆದ್ದ ಮೂರು ಪ್ಲಾಸ್ಟಿಕ್ ಗಿಡಗಳನ್ನು ಎಸೆಯಲಿಲ್ಲ. ಹೊಸ ಅಥವಾ ಕಾಯಿಲೆಯ ಮೀನುಗಳನ್ನು ಬೇರೆಯಾಗಿಡುವ ಸಣ್ಣ ತೊಟ್ಟಿಗೆ ಅವೇ ಸರಿ: ಮೀನಿಗೆ ಅವಿತುಕೊಳ್ಳಲು ಮರೆಯಾಗುತ್ತವೆ, ಔಷಧಿಗೆ ಬಾಡುವುದಿಲ್ಲ, ಕೆಲಸ ಮುಗಿದ ಮೇಲೆ ತೊಳೆದು ಬಿಸಿಲಿನಲ್ಲಿ ಒಣಗಿಸಿ ಎತ್ತಿಡಬಹುದು.